ಅಡುಗೆಮನೆಗೆ ನಾನು ತಂದ ಸಾಲದ ಕಾಯ್ದೆ

ನಾನು ಸವಣೂರಿನಲ್ಲಿ ಕಾಲೇಜು ಮಕ್ಕಳಿಗೆ ಅರ್ಥಶಾಸ್ತ್ರ ಹೇಳುವ ಮಾಸ್ತರ. ರಾಜ್ಯ ಸರ್ಕಾರ ಮನಸ್ಸಿಗೆ ಬಂದಷ್ಟು ಸಾಲ ಮಾಡುವಂತಿಲ್ಲ, ಅದಕ್ಕೆ ಕಾಯ್ದೆಯ ಮಿತಿ ಇದೆ. ಕೇಂದ್ರದ ಹಳೆಯ ಸಾಲ ಬಾಕಿ ಇದ್ದರೆ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆಯೂ ಬೇಕು. ಈ ಪಾಠ ಮುಗಿಸಿ ಮನೆಗೆ ಬರುವಾಗಲೇ ಆ ಅದ್ಭುತ ಯೋಚನೆ ಹೊಳೆಯಿತು. ರಾಜ್ಯಕ್ಕೆ ಒಪ್ಪುವ ಶಿಸ್ತು ನಮ್ಮ ಅಡುಗೆಮನೆಗೆ ಯಾಕೆ ಬೇಡ?

ನಮ್ಮ ಓಣಿಯಲ್ಲಿ ವಾಟಿ ಸಕ್ಕರೆ, ಹಿಡಿ ಕೊತ್ತಂಬರಿ, ಮೊಸರಿನ ಹೆಪ್ಪು ಮನೆಯಿಂದ ಮನೆಗೆ ಓಡಾಡುತ್ತಲೇ ಇರುತ್ತವೆ. ನನ್ನ ಹೆಂಡತಿ ಗಿರಿಜಾ ಈ ವ್ಯವಹಾರದಲ್ಲಿ ಪಳಗಿದವಳು. ನಾನು ಗಂಭೀರವಾಗಿ ಕಾಯ್ದೆ ಹೊರಡಿಸಿದೆ: ಒಂದು ಮನೆಯ ಕೈಗಡ ತೀರುವ ತನಕ, ಆ ಮನೆಯವರ ಒಪ್ಪಿಗೆ ಇಲ್ಲದೆ ಇನ್ನೊಂದು ಮನೆಯಲ್ಲಿ ಏನನ್ನೂ ಕೇಳತಕ್ಕದ್ದಲ್ಲ! ಗಿರಿಜಾ ನಕ್ಕು ಒಪ್ಪಿದಳು. ಆ ನಗು ನೋಡಿಯಾದರೂ ನಾನು ಎಚ್ಚರಾಗಬೇಕಿತ್ತು.

ಮುಂದಿನ ರವಿವಾರ ಮಗಳು ಸುಮಾಳನ್ನು ನೋಡಲು ಹಾನಗಲ್ಲಿನಿಂದ ಗಂಡಿನವರು ಬಂದರು. ಹುಡುಗ ಅವಳಿಗೆ ಮೊದಲೇ ಮೆಚ್ಚಿಗೆ. ಹುಡುಗನ ಅವ್ವ ಹೂಂ ಅನ್ನುವುದೊಂದೇ ಬಾಕಿ! ಶಿರಾ ಆಯಿತು, ಅವಲಕ್ಕಿ ಆಯಿತು, ಚಹಾ ಮಾತ್ರ ಬರಲೊಲ್ಲದು. ಒಳಗೆ ಹೋದರೆ ಗಿರಿಜಾ ಕೈಕಟ್ಟಿ ನಿಂತಿದ್ದಳು. ಶಿರಾಕ್ಕೆ ಸುರಿದು ಸಕ್ಕರೆ ಡಬ್ಬಿ ಖಾಲಿ. ಓಣಿಯ ಅಂಗಡಿಗೆ ಸೂಟಿ. ಎದುರುಮನೆ ಕಸ್ತೂರವ್ವನನ್ನು ಕೇಳು ಎಂದೆ.

"ಹೆಂಗ ಕೇಳ್ಲಿ? ಬೀಬಿಜಾನಕ್ಕನ ಸಕ್ಕರಿ ಇನ್ನೂ ತಿರುಗಿ ಕೊಟ್ಟಿಲ್ಲ. ಆಕಿ ಒಪ್ಪಿಗಿ ಬೇಕಲ್ರಿ."

ಪಕ್ಕದ ಮನೆಯ ಬೀಬಿಜಾನ್ ತವರಿಗೆಂದು ಬಂಕಾಪುರಕ್ಕೆ ಹೋಗಿದ್ದಳು. ಫೋನ್ ಹಚ್ಚಿ, ಹಳೆಯ ಬಾಕಿ ಸಮೇತ ವಿಷಯ ಮಂಡಿಸಿದೆ. ಒಂದು ವಾಟಿ ಸಕ್ಕರೆಯ ಲೆಕ್ಕ ಇಟ್ಟಿದ್ದೀರಾ, ನನ್ನನ್ನು ಏನಂತ ತಿಳಿದಿದ್ದೀರಿ ಎಂದು ಬೇಜಾರಾಗಿ ಅವಳು ಫೋನ್ ಇಟ್ಟೇಬಿಟ್ಟಳು. ವಿಕೋಪದ ಕಾಲಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇರುತ್ತದೆ ಎಂದು ಗಿರಿಜಾಳಲ್ಲಿ ಅಂಗಲಾಚಿದೆ.

"ಇವರು ಬರೂದು ವಾರದ ಹಿಂದನ ಗೊತ್ತಿತ್ತು. ಇದ್ಯಾವ ವಿಕೋಪ?" ಎಂದಳು.

ನಮ್ಮ ದನಿ ಪಡಸಾಲೆಗೆ ಮುಟ್ಟಿತ್ತು. ಹುಡುಗನ ಅವ್ವ ಒಳಗೇ ಬಂದರು. ಮಗಳ ಸಂಬಂಧ ಒಂದು ವಾಟಿ ಸಕ್ಕರೆಯಲ್ಲಿ ಮುಳುಗುತ್ತಿದೆ! ಸುಮ್ಮನಿರಬೇಕೋ ಬೇಡವೋ? ನಾನು ಅವರಿಗೂ ಇಡೀ ಕಾಯ್ದೆ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ವಾಟಿ ಎತ್ತಿಕೊಂಡು, ಮುಖವನ್ನೇ ಕಂಡಿರದ ಕಸ್ತೂರವ್ವನ ಮನೆಗೆ ನಡೆದರು. ತುಂಬಿಸಿಕೊಂಡೇ ಬಂದರು.

"ಕಾಯ್ದೆ ನಿಮ್ಮ ಮನೀದು. ನಾನು ಬ್ಯಾರೆ ರಾಜ್ಯದಾಕಿ," ಎಂದರು. ಗಿರಿಜಾಳ ಕಡೆ ತಿರುಗಿ, "ಹುಡುಗಿ ನಮಗ ಒಪ್ಪಿಗಿ ಐತ್ರಿ. ಮುಂದಿನ ಮಾತು ನಾವಿಬ್ಬರ ಆಡೂಣು," ಎಂದರು.

ಸಂಬಂಧ ಗಟ್ಟಿಯಾಯಿತು! ಸುಮಾಳ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು. ಮದುವೆಯ ಕೆಲಸ ಹಂಚುವಾಗ, ಅರ್ಥಶಾಸ್ತ್ರ ಬಲ್ಲವನಾದ ನನಗೆ ಖರ್ಚಿನ ಉಸ್ತುವಾರಿ ಸಿಗುತ್ತದೆ ಎಂದು ಎದೆಯುಬ್ಬಿಸಿ ಕುಳಿತೆ. ಇಬ್ಬರು ಬೀಗತಿಯರೂ ಕೂಡಿ ನನಗೆ ಕೊಟ್ಟದ್ದು ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಕೆಲಸ. ಅಲ್ಲೂ ನನ್ನ ಮೇಲೆ ಕಣ್ಣಿಡಲು ಒಬ್ಬರನ್ನು ನಿಲ್ಲಿಸಿದ್ದಾರೆ.