ನಿನೋ ಅಂಕಲ್‌ರ ಸಿಂಥಸೈಜರಿಗೆ ಆಯುಧ ಪೂಜೆ

ತಾಳಿ, ಇದೊಂದನ್ನು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೈಯಿರಿ. ಯಾರೂ ಹೇಳಿಕೊಡದೆ ತಾನೇ ಕಲಿತವನಿಗೆ ಒಂದು ರೋಗವಿರುತ್ತದೆ: ಕೇಳಿದವರಿಗೂ ಕೇಳದವರಿಗೂ ಪಾಠ ಮಾಡುವುದು. ನನ್ನ ಪಾಠ ಹಳೆಯ ಇಟಲಿಯ ಸಿಂಥಸೈಜರ್ ಸಂಗೀತದ್ದು. ಮಿಲಾನಿನ ರೇಡಿಯೊ ಸ್ಟುಡಿಯೊದಲ್ಲಿ ಕೂತು ಬರೀ ವಿದ್ಯುತ್ತಿನಿಂದ ನಾದ ಹುಟ್ಟಿಸಿದವರ ಬಗ್ಗೆ ಈ ಪರದೇಶದಲ್ಲಿ ನಮ್ಮವರೇ ತುಂಬಿರುವ ಐಸೆಲಿನ್‌ನ ದೋಸೆ ಹೋಟೆಲಿನ ಕ್ಯೂನಲ್ಲೂ ಹೇಳಿದ್ದೇನೆ. ಒಬ್ಬರು ದೋಸೆಯನ್ನೇ ಬಿಟ್ಟು ಹೋದರು.

ಹೋಬೋಕನ್‌ನಲ್ಲಿ ನನ್ನ ಕೆಳಗಿನ ಮನೆಯ ನಿನೋ ಅಂಕಲ್ ಆ ಮಿಲಾನಿನವರೇ. ಹರೆಯದಲ್ಲಿ ತಾವೇ ಬೆಸುಗೆ ಹಾಕಿ ಕಟ್ಟಿದ ಸಿಂಥಸೈಜರ್ ಅವರಲ್ಲಿತ್ತು. ಅದಕ್ಕೆ ಮೆಮೊರಿ ಇಲ್ಲ. ತಿರುಗಿಸುವ ನಾಬ್‌ಗಳು ನಿಂತ ಜಾಗವೇ ಅದರ ನೆನಪು; ಅವು ಅಲುಗಿದರೆ ಆ ನಾದ ಹೋಯಿತು. ತೀರಿಹೋದ ಹೆಂಡತಿಯ ದನಿಗೆ ಹತ್ತಿರದ ಒಂದು ನಾದವನ್ನು ಹುಡುಕಿಕೊಂಡ ಮೇಲೆ ಅವರು ಒಂದು ನಾಬನ್ನೂ ಅಲುಗಿಸಿರಲಿಲ್ಲ. ಕ್ಯಾನ್ಸರ್ ಬಲಿತು, ಕೊನೆಯ ದಿನಗಳ ಆರೈಕೆಗೆಂದು ಹಾಸ್ಪೀಸ್‌ಗೆ ಹೊರಟ ದಿನ ಅದನ್ನು ನನ್ನ ಕೋಣೆಗೆ ಹೊರಿಸಿ, "ನಾಬ್ ಮುಟ್ಬೇಡ. ಕೊನೇಲಿ ಒಂದ್ಸಲ ಫೋನಲ್ಲಿ ಕೇಳಿಸು," ಎಂದು ಇಂಗ್ಲಿಷಿನಲ್ಲಿ ಹೇಳಿದರು. ರೆಕಾರ್ಡ್ ಮಾಡಲೇ ಅಂದೆ. "ಬೇಡ. ಟೇಪಲ್ಲಿ ಅವಳು ಸತ್ತ ಹಾಗಿರ್ತಾಳೆ." ನಾಬ್‌ಗಳು ನಿಂತ ಜಾಗದ ಫೋಟೊ ತೆಗೆದಿಡುವುದು ಹೊಸಬರ ಕೆಲಸ ಎಂದುಕೊಂಡು ನಾನು ಅದನ್ನೂ ಮಾಡಲಿಲ್ಲ.

ಆಯುಧ ಪೂಜೆಗೆ ಮಾರಿಸ್‌ಟೌನಿನಿಂದ ಅಮ್ಮ ಬಂದಳು. ಲ್ಯಾಪ್‌ಟಾಪಿನ ಜೊತೆ ಇದಕ್ಕೂ ಪೂಜೆ ಮಾಡು ಎಂದು ಹೇಳಿ, ಇಟಲಿಯ ಇತಿಹಾಸ ಶುರುಮಾಡಿದೆ.

"ಸಾಕು ಕಣೋ. ಹೋಗಿ ಬಾಳೆಹಣ್ಣು ತಗೊಂಡ್ ಬಾ."

ತಗೊಂಡು ಬಂದೆ. ಅಷ್ಟರಲ್ಲಿ ಯಂತ್ರ ಥಳಥಳ ಹೊಳೆಯುತ್ತಿತ್ತು. ಅರಿಶಿನ, ಕುಂಕುಮ, ಸೇವಂತಿಗೆ. ನಾಬ್‌ಗಳೆಲ್ಲ ಸೊನ್ನೆಯಲ್ಲಿ, ಸಾಲಾಗಿ.

"ಒಂದೊಂದೂ ಒಂದೊಂದ್ ಕಡೆ ನೋಡ್ತಿತ್ತು. ಸ್ಟವ್ ಥರ ಎಲ್ಲಾ ಆಫ್ ಮಾಡಿ ಒರೆಸ್ದೆ. ಚೆನ್ನಾಗಿದ್ಯಾ?"

"ಚೆನ್ನಾಗಿದೆ ಅಮ್ಮ," ಎಂದೆ. ಅರ್ಧ ಗಂಟೆ ಇತಿಹಾಸ ಕೊರೆದವನು ನಾಬ್ ಮುಟ್ಟಬೇಡ ಎಂಬ ಒಂದು ಮಾತು ಹೇಳಿರಲಿಲ್ಲ.

ಆಮೇಲೆ ಎಂಟು ದಿನ, ಕೆಲಸಕ್ಕೆ ರಜಾ ಹಾಕಿ, ಕಿವಿಯ ನೆನಪಿನ ಮೇಲೆ ತಿರುಗಿಸುತ್ತಾ ಕೂತೆ. ಒಮ್ಮೆ ಪ್ರೆಶರ್ ಕುಕ್ಕರ್ ಬಂತು, ಒಮ್ಮೆ ಫೆರಿಯ ಹಾರ್ನ್. ಕೊನೆಗೊಂದು ದನಿ ಹತ್ತಿರ ಬಂದಂತೆನಿಸಿತು. ಒಂಬತ್ತನೆಯ ದಿನ ಹಾಸ್ಪೀಸ್‌ನ ನರ್ಸ್ ಫೋನ್ ಮಾಡಿ, ಅದನ್ನು ನಿನೋ ಅಂಕಲ್ ಕಿವಿಗೆ ಹಿಡಿದಿದ್ದೇನೆ ಎಂದಳು. ಕೀ ಒತ್ತಿ ಹಿಡಿದೆ.

"ಚೆನ್ನಾಗಿದೆ," ಎಂದರು ನಿನೋ ಅಂಕಲ್, ಉಸಿರು ಎಳೆಯುತ್ತಾ. "ನೀನ್ ಮಾಡಿದ್ದಾ?"

"ಹೌದು ಅಂಕಲ್."

"ಸರಿ. ಈಗ ಅವಳದ್ದು ಕೇಳಿಸು."

ಅದನ್ನೇ ಮತ್ತೆ ಒತ್ತಿದೆ. ಮರುದಿನ ತೀರಿಕೊಂಡರು.

ಅಮ್ಮನಿಗೆ ಹೇಳಿಲ್ಲ. ಹೇಳಿದರೆ ತಪ್ಪು ಅವಳದಾಗಿಬಿಡುತ್ತದೆ. ನಂಬಿ ಕೊಟ್ಟದ್ದನ್ನು ನೀವೂ ಹೀಗೆ ಕಳೆದಿದ್ದರೆ ದಯವಿಟ್ಟು ಬರೆದು ತಿಳಿಸಿ. ಇಂಥವನು ನಾನೊಬ್ಬನೇ ಅಲ್ಲ ಎನ್ನಿಸಿದರೆ ಸಾಕು. ನೀವು ಬರೆದದ್ದು ಸುಳ್ಳಾದರೂ ಪರವಾಗಿಲ್ಲ.