ಗುರೆಳ್ಳು ಡಬ್ಬಿಯವರ ಮೇಲೊಂದು ತಕರಾರು

ಗೆ,
ಶ್ರೀ ಗುರೆಳ್ಳು ಚಟ್ನಿಪುಡಿ ಡಬ್ಬಿಯವರು,
ಅಡುಗೆಮನೆಯ ಎರಡನೇ ಹಲಗೆ, ಬಲದಿಂದ ಮೂರನೆಯವರು,
ನಮ್ಮ ಮನೆ, ಭಾಗ್ಯನಗರ, ಕೊಪ್ಪಳ.

ವಿಷಯ: ನನಗೆ ಮಂಜೂರಾಗಿದ್ದ ಕಳ್ಳತನವನ್ನು ಮುನ್ಸೂಚನೆಯಿಲ್ಲದೆ ರದ್ದುಪಡಿಸಿರುವ ಬಗ್ಗೆ.

ಮಾನ್ಯರೇ,

ತಾವು ಎಡಕ್ಕೆ ಸಾಸಿವೆ ಡಬ್ಬಿ, ಬಲಕ್ಕೆ ಜೀರಿಗೆ ಡಬ್ಬಿಗಳ ಸಹವಾಸದಲ್ಲಿ, ಮುಚ್ಚಳ ಭದ್ರವಾಗಿ, ತುಕ್ಕು ತಾಗದೆ ಕ್ಷೇಮವಾಗಿದ್ದೀರೆಂದು ನಂಬಿ, ತಮಗೂ ತಮ್ಮೊಳಗಿನ ಬೆಳ್ಳುಳ್ಳಿಗೂ ಮೊದಲಿಗೆ ನನ್ನ ನಮಸ್ಕಾರಗಳನ್ನು ಅರ್ಪಿಸುತ್ತೇನೆ. ನಾನು ವಿರುಪಣ್ಣ. ಕೊಪ್ಪಳದ ಒಂದು ಸರ್ಕಾರಿ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಟೆಂಡರ್ ಆಗಿದ್ದು, ಬೇರೆಯವರು ಬರೆದ ತಕರಾರು ಅರ್ಜಿಗಳನ್ನು ಈ ಮೇಜಿನಿಂದ ಆ ಮೇಜಿಗೆ ಹೊತ್ತವನು. ಸ್ವಂತದ್ದೊಂದನ್ನು ಬರೆಯುವ ಕಾಲ ಬಂದೀತೆಂದು ಎಣಿಸಿರಲಿಲ್ಲ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವೇನೆಂದರೆ, ನಮ್ಮಿಬ್ಬರ ವ್ಯವಹಾರ ಭಾಗ್ಯನಗರದ ಅರ್ಧ ಜನಕ್ಕೆ ಮೂಗಿನ ಮೂಲಕ ಈಗಾಗಲೇ ಗೊತ್ತಾಗಿದೆ.

ಹಿನ್ನೆಲೆ ತಮಗೆ ತಿಳಿದಿದ್ದರೂ ಕಡತ ಪೂರ್ತಿಯಾಗಿರಲೆಂದು ಹೇಳುತ್ತೇನೆ. ಹೋದ ವರ್ಷ ತಳಕಲ್ಲಿನಲ್ಲಿ ನನ್ನ ಹೆಂಡತಿ ಶಿವಲಿಂಗಮ್ಮನವರ ತಮ್ಮನು ಹೊಸ ಮನೆ ಕಟ್ಟಿಸಿದಾಗ, ಗೃಹಪ್ರವೇಶಕ್ಕೆ ಬಸ್ಸಿನಲ್ಲಿ ಹೋಗಿ ಇಳಿದರೆ ಅಳಿಯನ ಮರ್ಯಾದೆ ಏನಾದೀತೆಂದು ಚಿಂತಿಸಿ, ಶಿವಲಿಂಗಮ್ಮನವರಿಗೆ ತವರಿನಿಂದ ಬಂದಿದ್ದ ಬೋರಮಾಳ ಸರವನ್ನು ಒಂದು ಫೈನಾನ್ಸಿನಲ್ಲಿ ಅಡವಿಟ್ಟು, ಎಪ್ಪತ್ತೆರಡು ಸಾವಿರ ತಂದು, ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಆ ದಿನ ನಾನು ಕಾರಿನಿಂದ ಇಳಿದೆ, ಅವರು ಬೋರಮಾಳವಿಲ್ಲದ ಕೊರಳಿನಲ್ಲಿ ಇಳಿದರು. ಅವರ ತಾಯಿ ಕೇಳಿದ್ದಕ್ಕೆ "ಕೊಂಡಿ ಸಡಲಾಗಿತ್ತವ್ವಾ, ಅಕ್ಕಸಾಲಿಗರ ಕಡೆ ಕೊಟ್ಟೀನಿ" ಎಂದು ಅವರೇ ಸುಳ್ಳು ಹೇಳಿ ನನ್ನನ್ನು ಉಳಿಸಿದರು. ಕಾರು ತಳಕಲ್ಲಿನಿಂದ ಹಿಂದಿರುಗುವಾಗ ಅರ್ಧ ದಾರಿಯವರೆಗೆ ಓಡಿ, ಆಮೇಲೆ ನಾವು ತಳ್ಳಿದಷ್ಟು ದೂರ ಬಂತು. ಕೊನೆಗೆ ಅದನ್ನು ಗಂಗಾವತಿಯ ಒಬ್ಬ ಪುಣ್ಯಾತ್ಮರು ಕೊಂಡರು, ಅವರು ಕೊಟ್ಟ ಹಣವನ್ನು ಮೆಕ್ಯಾನಿಕ್ಕು ತೆಗೆದುಕೊಂಡ, ಸಾಲ ಮಾತ್ರ ನನಗೆ ಉಳಿಯಿತು.

ಸಾಲಕ್ಕೆ ಒಂದು ವರ್ಷದ ಗಡುವು. ಮೀರಿದರೆ ಬೋರಮಾಳ ಹರಾಜಿಗೆ. ಶಿವಲಿಂಗಮ್ಮನವರು ನನ್ನನ್ನು ಒಂದು ಮಾತೂ ಬೈಯದೆ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು, ಪಗಾರವನ್ನು ಬಾಬತ್ತುಗಳಾಗಿ ಹಂಚಿ, ತಿಂಗಳಿಗೆ ಆರೂವರೆ ಸಾವಿರ ಬದಿಗಿಡುವುದೆಂದು ಬರೆದು ಕೂತರು. ನನ್ನ ಬೆಳಗಿನ ಮಂಡಕ್ಕಿ ಒಗ್ಗರಣಿ-ಮಿರ್ಚಿ ಭಜಿ ಮೊದಲ ದಿನವೇ ರದ್ದಾಯಿತು. ಹನುಮನಹಳ್ಳಿಗೆ ಹೋಗಿ ಬೆಟ್ಟ ಹತ್ತುವ ಹರಕೆಯನ್ನು ನೆನಪಿಸಿದೆ, "ಬೆಟ್ಟ ಎಲ್ಲಿಗೂ ಓಡಿ ಹೋಗೂದಿಲ್ರಿ, ಬೋರಮಾಳ ಹೋಗತೈತಿ" ಎಂದರು. ಗ್ಯಾಸಿನ ದುಡ್ಡು ತೊಗರಿಬೇಳೆ ಡಬ್ಬಿಗೆ, ಹಾಲಿನದು ಸಕ್ಕರೆ ಡಬ್ಬಿಗೆ, ಗುಳಿಗೆಗಳದ್ದು ಮೆಂತ್ಯದ ಡಬ್ಬಿಗೆ ಹೋಯಿತು. ಚಿಲ್ಲರೆ ಖರ್ಚಿನ ಐವತ್ತರ ನೋಟುಗಳು, ನನ್ನ ಭಾಗ್ಯಕ್ಕೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಕೊಂಡು ತಮ್ಮ ಆಶ್ರಯಕ್ಕೆ ಬಂದವು.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ಜಿಲ್ಲೆಯ ಯಾವ ಬ್ಯಾಂಕು ಆಧಾರ್ ಕೇಳದೆ, ಜಾಮೀನು ಕೇಳದೆ, ನಾಳೆ ಬಾ ಎನ್ನದೆ ದುಡ್ಡು ಕೊಟ್ಟಿದೆ? ಸೋಮವಾರ ಬೆಳಿಗ್ಗೆ ನಳಕ್ಕೆ ನೀರು ಬಂದು ಶಿವಲಿಂಗಮ್ಮನವರು ಕೊಡ ಹಿಡಿದು ಹೊರಗೆ ಹೋದರೆ ನಾನು ಒಳಗೆ ಬಂದೆ, ತಾವು ಮುಚ್ಚಳ ತೆರೆದಿರಿ, ಅಷ್ಟೇ ವ್ಯವಹಾರ. ಕಚೇರಿಗೆ ಹೋಗುವ ದಾರಿಯ ತಿರುವಿನಲ್ಲಿ ಮಾರೆಪ್ಪನ ಮಿರ್ಚಿ ಬಂಡಿ ನಿಲ್ಲುತ್ತದೆ. ಬಿಸಿ ಮಿರ್ಚಿ ಮುರಿದಾಗ ಏಳುವ ಹಬೆಯ ಮುಂದೆ ನನಗೆ ಸಾಲವೂ ನೆನಪಿರುತ್ತಿರಲಿಲ್ಲ, ಕಾರೂ ನೆನಪಿರುತ್ತಿರಲಿಲ್ಲ.

ಆದರೆ ಆ ಚೀಲಕ್ಕೊಂದು ತೂತಿದ್ದದ್ದನ್ನು ತಾವು ನನಗೆ ತಿಳಿಸಬೇಕಾಗಿತ್ತು. ಮೂರನೇ ಸೋಮವಾರ ಮಾರೆಪ್ಪ ನೋಟನ್ನು ಮೂಗಿಗೆ ಹಿಡಿದು "ಅಣ್ಣಾರ, ನಿಮ್ಮ ರೊಕ್ಕ ಬ್ಯಾಂಕಿಂದ ಬರತೈತೋ ಅಡಿಗಿಮನಿಯಿಂದ ಬರತೈತೋ" ಎಂದ. ನಕ್ಕು ಮಿರ್ಚಿಗೆ ಕೈಚಾಚಿದೆ. ಆ ನೋಟನ್ನು ಅವನು ತನ್ನ ಹೆಂಡತಿ ಹುಲಗಮ್ಮನಿಗೆ ಕೊಟ್ಟ, ಹುಲಗಮ್ಮ ಗುರುವಾರ ಅದನ್ನೇ ಮಹಿಳಾ ಸಂಘದ ವಾರದ ಉಳಿತಾಯಕ್ಕೆ ಕಟ್ಟಿದಳು, ಸಂಘ ಸೇರುವುದು ನಮ್ಮ ಮನೆಯ ಪಡಸಾಲೆಯಲ್ಲಿ, ಮತ್ತು ಸಂಘದ ಖಜಾಂಚಿ ಶಿವಲಿಂಗಮ್ಮನವರು. ನಾನು ಮೂಲೆಯಲ್ಲಿ ಪೇಪರು ಓದುವ ಸೋಗಿನಲ್ಲಿದ್ದೆ. "ಅಕ್ಕಾರ, ಈ ನೋಟು ರೊಟ್ಟಿ ಉಂಡು ಬಂದಂಗೈತಿ ನೋಡ್ರಿ" ಎಂದು ಹುಲಗಮ್ಮನೇ ನಗಾಡಿದಳು. ಶಿವಲಿಂಗಮ್ಮನವರು ನೋಟನ್ನು ಮೂಸಿ, ಮಡಚಿ, ಪೆಟ್ಟಿಗೆಯಲ್ಲಿಟ್ಟು, ಮುಂದಿನವರ ಹೆಸರು ಕರೆದರು. ಸೋಮವಾರ ನಮ್ಮ ಮನೆ ಬಿಟ್ಟ ನೋಟು ಗುರುವಾರ ಊರಾಡಿಕೊಂಡು ಅದೇ ಮನೆಗೆ ಬಂದು ನನ್ನ ಹೆಸರು ಹೇಳಿದಂತಾಯಿತು.

ಅಂದು ಊಟದ ಹೊತ್ತಿಗೆ ಬೈಗುಳ ಬರುವುದೆಂದು ಕಾದೆ, ಬರಲಿಲ್ಲ. ಮರುದಿನವೂ ಇಲ್ಲ. ಬದಲಿಗೆ ಮುಂದಿನ ಸೋಮವಾರ ಮುಚ್ಚಳ ತೆರೆದರೆ ಒಂದೇ ಒಂದು ಐವತ್ತರ ನೋಟು, ಗರಿಗರಿಯಾಗಿ, ಮೇಲೆಯೇ ಕೂತಿತ್ತು. ಅದರ ಮುಂದಿನ ವಾರವೂ ಹಾಗೆಯೇ. ನಾನು ತೆಗೆದಷ್ಟೂ ತಾವು ತುಂಬಿಕೊಳ್ಳುವುದನ್ನು ಕಂಡು ಇದು ತಮ್ಮ ಮಹಿಮೆಯೆಂದೇ ನಂಬಿ, ಒಂದು ಸಲ ಕೈಮುಗಿದದ್ದೂ ಉಂಟು.

ಹೀಗೆ ಎಂಟು ತಿಂಗಳು ಕಳೆದವು. ಮಾರ್ಚ್ ಮುಗಿದು ಗಡುವಿಗೆ ಎರಡೇ ತಿಂಗಳು ಉಳಿದಾಗ, ಶಿವಲಿಂಗಮ್ಮನವರು ತಾಯಿಯನ್ನು ನೋಡಲು ತಳಕಲ್ಲಿಗೆ ಹೋದ ದಿನ, ಇನ್ನೆಷ್ಟು ಬಾಕಿಯಿದೆಯೋ ಎಂಬ ಅಂಜಿಕೆಯಿಂದ ನೋಟ್‌ಬುಕ್ಕು ತೆರೆದೆ. ಮೊದಲೆರಡು ತಿಂಗಳ ಪುಟದಲ್ಲಿ "ಹೂವು, ೨೦೦" ಎಂದಿತ್ತು. ಮೂರನೆಯ ತಿಂಗಳಲ್ಲಿ ಹೂವಿಗೆ ಅಡ್ಡಗೆರೆ ಎಳೆದು, ಅದರ ಮುಂದೆ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದಿದ್ದರು: "ಗುರೆಳ್ಳು ಡಬ್ಬಿ. ಅವ್ರು ಕದಿಯಾಕ, ೨೦೦". ಅಲ್ಲಿಂದ ಪ್ರತಿ ತಿಂಗಳೂ ಗ್ಯಾಸಿಗೂ ಹಾಲಿಗೂ ನಡುವೆ ಅದೇ ಬಾಬತ್ತು, ತಪ್ಪದೆ. ಎಂಟು ತಿಂಗಳಿಂದ ಅವರ ಮುಡಿಯಲ್ಲಿ ಹೂವಿಲ್ಲವೆಂಬುದನ್ನು ದಿನವೂ ಎದುರು ಕೂತು ಉಣ್ಣುವ ನಾನು ಗಮನಿಸಿರಲಿಲ್ಲ. ಮಾನ್ಯರೇ, ನನಗೆ ಅಷ್ಟು ನಾಚಿಕೆ ಕಾರು ತಳ್ಳುವಾಗಲೂ ಆಗಿರಲಿಲ್ಲ.

ಅಂದಿನಿಂದ ತಮ್ಮ ಮುಚ್ಚಳ ಮುಟ್ಟಲಿಲ್ಲ. ಪ್ರಾಮಾಣಿಕನಾದ ಗಂಡನಿಗೆ ಮನೆಯಲ್ಲಿ ಗೌರವ ಹೆಚ್ಚೀತೆಂದು ಎಣಿಸಿದ್ದು ನನ್ನ ತಪ್ಪು. ಮೊದಲ ವಾರ "ಬಾಯಿ ರುಚಿ ಕೆಟ್ಟೈತೇನ್ರಿ" ಎಂದು ಕಷಾಯ ಕುಡಿಸಿದರು. ಎರಡನೆಯ ವಾರ ಮಾರೆಪ್ಪನ ಬಂಡಿಗೇ ಹೋಗಿ ನನ್ನ ಹೆಸರಿನಲ್ಲಿ ಉದ್ರಿ ಖಾತೆಯೇನಾದರೂ ಇದೆಯೇ ಎಂದು ವಿಚಾರಿಸಿ ಬಂದರು. ಮೂರನೆಯ ವಾರ ನನ್ನನ್ನು ಕೂರಿಸಿಕೊಂಡು "ಖರೇ ಹೇಳ್ರಿ, ಮತ್ತ ಎಲ್ಲಿ ಕೈಗಡ ತಗೊಂಡೀರಿ" ಎಂದರು. ಕದಿಯುವಾಗ ಒಂದು ದಿನವೂ ಸಂಶಯಪಡದವರು ಕದಿಯದಿದ್ದಾಗ ನನ್ನ ಅಂಗಿಯ ಜೇಬು ಹುಡುಕಿದರು. ತಾವು ಒಂದೇ ಒಂದು ಮಾತು ಸಾಕ್ಷಿ ಹೇಳಿದ್ದರೆ ನನ್ನ ಮಾನ ಉಳಿಯುತ್ತಿತ್ತು. ತಾವು ಬಾಯಿ ಬಿಡಲಿಲ್ಲ.

ಗಡುವಿನ ಕೊನೆಯ ದಿನ ಇಬ್ಬರೂ ಫೈನಾನ್ಸಿಗೆ ಹೋದೆವು. ತಿಂಗಳ ಕೊನೆ, ಪಗಾರ ಬಂದಿರಲಿಲ್ಲ. ಅವರು ರೂಪಾಯಿಗೆ ರೂಪಾಯಿ ಹೊಂದಿಸಿದ್ದ ಹಣಕ್ಕೆ ಅಲ್ಲಿಯವರು ನೋಟಿಸಿನ ಖರ್ಚೆಂದು ಮುನ್ನೂರ ಎಂಬತ್ತು ಸೇರಿಸಿದರು. ನಾಲ್ಕು ಗಂಟೆಗೆ ಕೌಂಟರು ಮುಚ್ಚುವುದು, ಆಗಲೇ ಮೂರಾಗಿತ್ತು. ಯಾರನ್ನಾದರೂ ಕೇಳೋಣವೆಂದೆ, ಸಾಲ ತೀರಿಸಲು ಸಾಲ ಮಾಡುವುದಿಲ್ಲವೆಂದು ಅವರದು ಮೊದಲಿನಿಂದಲೂ ಹಟ. ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ "ಡಬ್ಬ್ಯಾಗ ನಿಮ್ಮ ಪಾಲಿನವು ಎಂಟು ನೋಟು ಹಂಗ ಅದಾವರಿ. ಕೊಡ್ತೀರೇನು?" ಎಂದರು.

ನನ್ನನ್ನು ಕೇಳಿದರು, ಮಾನ್ಯರೇ. ನಾನು ಕದಿಯಲೆಂದು ಅವರೇ ಇಟ್ಟ, ಅವರ ಹೂವಿನ ದುಡ್ಡನ್ನು ಮುಟ್ಟಲು ನನ್ನ ಅಪ್ಪಣೆ ಕೇಳಿದರು. ನನಗೆ ಅಳು ಬಂತು. ಅದನ್ನು ಮರೆಮಾಡಲು ಆಟೋ ತರುತ್ತೇನೆಂದು ಹೊರಗೆ ಓಡಿದೆ. ತಮ್ಮಿಂದ ತಂದ ಎಂಟೂ ನೋಟುಗಳನ್ನು ಕೌಂಟರಿನವನು ಎಣಿಸುವ ಮೊದಲು ಮೂಸಿದ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಬೋರಮಾಳ ಅವರ ಕೈಗೆ ಬಂತು, ಉಳಿದ ಇಪ್ಪತ್ತು ರೂಪಾಯಿ ನನ್ನ ಕೈಗೆ.

ಇನ್ನು ಮೂಲ ತಕರಾರಿಗೆ ಬರುತ್ತೇನೆ. ಸಾಲ ತೀರಿದ ಮೇಲೆ ಶಿವಲಿಂಗಮ್ಮನವರು ಹೊಸ ನೋಟ್‌ಬುಕ್ಕು ಶುರುಮಾಡಿದ್ದಾರೆ, ಅದರಲ್ಲಿ ನನ್ನ ಬಾಬತ್ತೇ ಇಲ್ಲ. ಕೇಳಿದ್ದಕ್ಕೆ "ನೀವು ಕದಿಯೂದು ಬಿಟ್ಟೀರಲ್ಲ, ಖರ್ಚಿಲ್ಲದ್ದಕ್ಕ ರೊಕ್ಕ ಯಾಕ ತಗದಿಡೂದು" ಎಂದರು. ಖರ್ಚಾಗದ ಅನುದಾನ ವಾಪಸು ಹೋಗುವುದನ್ನು ಹತ್ತೊಂಬತ್ತು ಮಾರ್ಚುಗಳಲ್ಲಿ ಕಚೇರಿಯಲ್ಲಿ ಕಂಡವನು, ಮನೆಯಲ್ಲಿ ಮೋಸಹೋದೆ. ಹೂವಿನ ಬಾಬತ್ತೂ ಹಿಂದಿರುಗಿಲ್ಲ. ಆ ಇನ್ನೂರನ್ನು ಮುಂದೆಂದೂ ಬೋರಮಾಳ ಕೊರಳು ಬಿಡದಿರಲೆಂದು ಉಳಿತಾಯಕ್ಕೆ ಸೇರಿಸಿದ್ದಾರೆ. ತಮ್ಮೊಳಗೆ ಈಗ ಬರೀ ಗುರೆಳ್ಳು.

ಆದ್ದರಿಂದ ತಾವು ದಯಮಾಡಿ ನನ್ನನ್ನು ಮೊದಲಿನ ಹುದ್ದೆಗೆ, ಅದು ಸಾಧ್ಯವಿಲ್ಲದಿದ್ದರೆ ಹಬ್ಬ-ಹುಣ್ಣಿಮೆಗಳಿಗೆ ಸೀಮಿತವಾಗಿ ತಾತ್ಕಾಲಿಕ ಕಳ್ಳನೆಂದು, ಮರುನೇಮಿಸಿಕೊಳ್ಳುವಂತೆ ಶಿವಲಿಂಗಮ್ಮನವರಿಗೆ ಶಿಫಾರಸು ಮಾಡಬೇಕೆಂದೂ, ಎಂಟು ವಾರ ಕೈ ಹಾಕದಿದ್ದುದಕ್ಕೆ ನಡತೆಯ ಪ್ರಮಾಣಪತ್ರವೊಂದನ್ನು ಮಾರೆಪ್ಪನ ಬಂಡಿಗೆ ಕಾಣುವಂತೆ ಅಂಟಿಸಬೇಕೆಂದೂ, ಇನ್ನು ಮುಂದೆ ಬೆಳ್ಳುಳ್ಳಿಯಿಲ್ಲದೆ ಜೀವನ ಸಾಗಿಸಲು ಕಲಿಯಬೇಕೆಂದೂ ವಿನಂತಿಸುತ್ತೇನೆ.

ತಮ್ಮ ಮುಚ್ಚಳದ ಮೇಲೆ ಇನ್ನೂ ಆಸೆ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ವಿರುಪಣ್ಣ

ತಾ.ಕ.: ಈ ವಾರ ಶೇರ್ ಆಟೋ ಬಿಟ್ಟು ಕಚೇರಿಗೆ ನಡೆದು ಐವತ್ತು ರೂಪಾಯಿ ಉಳಿಸಿದ್ದೆ. ಅದನ್ನು ನಿನ್ನೆ ಬೆಳಿಗ್ಗೆ, ಅವರು ನಳಕ್ಕೆ ಹೋದ ಹೊತ್ತು ನೋಡಿ, "ನೀವು ಕದಿಯಾಕ" ಎಂದು ಬರೆದ ಚೀಟಿಯ ಸಮೇತ ತಮ್ಮಲ್ಲಿ ಇಟ್ಟಿದ್ದೆ. ಇಂದು ನೋಡಿದರೆ ನೋಟು ಇಲ್ಲ. ಕಳವಿನ ಬಗ್ಗೆ ದೂರು ಕೊಡುವ ಇರಾದೆ ನನಗಿಲ್ಲ. ಕಳ್ಳರು ಸಂಜೆ ಬೋರಮಾಳ ಹಾಕಿಕೊಂಡು, ಮುಡಿದ ಮಲ್ಲಿಗೆಯಿಂದ ಗುರೆಳ್ಳಿನ ವಾಸನೆ ಬೀರುತ್ತ ನನಗೆ ರೊಟ್ಟಿ ಬಡಿಸಿದರು.