ಹಾಲಿನ ಲಾರಿಗೊಂದು ಉಪಗ್ರಹದ ದಾರಿ

ದಾರಿ ಕೇಳುವುದೆಂದರೆ ನನಗೆ ಮೊದಲಿನಿಂದಲೂ ಪುಕಪುಕ. ನಮ್ಮ ಸೀಮೆಯಲ್ಲಿ ದಾರಿ ಕೇಳಿದವನಿಗೆ ಯಾರೂ ಸುಮ್ಮನೆ ದಾರಿ ಹೇಳಿ ಕಳಿಸುವುದಿಲ್ಲ. ಯಾರ ಮನೆಗೆ, ಏನು ಕೆಲಸ, ತಮ್ಮದು ಯಾವೂರು, ನಮ್ಮೂರು ಕಿರಂಗೂರು ಎಂದರೆ ಅಲ್ಲಿ ಯಾರ ಪೈಕಿ ಎಂಬುದೆಲ್ಲ ಮೊದಲು ಇತ್ಯರ್ಥವಾಗಬೇಕು. ಮಜ್ಜಿಗೆ ಕುಡಿದು ಏಳುವಷ್ಟರಲ್ಲಿ ಬಂದ ಕೆಲಸವೇ ಮರೆತುಹೋಗಿರುತ್ತದೆ. ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋದವನು, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಜಗ್ಗಿ ನೋಡುವ ಜಾತಿಯ ನನಗೆ ಇದೆಲ್ಲ ಆಗಿಬರುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೆ.ಆರ್. ಪೇಟೆ ಕಡೆ ಹಾಲು ತಂಪು ಮಾಡುವ ಕೇಂದ್ರವೊಂದರಲ್ಲಿ ಹಾಲಿನ ಲಾರಿಗಳ ಉಸ್ತುವಾರಿಯಲ್ಲಿದ್ದೆ. ಆಗ ಯಾವುದೋ ಯೋಜನೆಯ ಪುಣ್ಯದಿಂದ ಅಂಗೈಯಗಲದ ಜಿಪಿಎಸ್ ಪೆಟ್ಟಿಗೆಯೊಂದು ಆಫೀಸಿಗೆ ಬಂತು. ಬಾಚಿ ತಬ್ಬಿಕೊಂಡೆ. ಆಕಾಶದ ಉಪಗ್ರಹ ನೀನು ಯಾರ ಪೈಕಿ ಎಂದು ಕೇಳುವುದಿಲ್ಲವಲ್ಲ!

ಆದರೆ ಆ ಪೆಟ್ಟಿಗೆಗೆ ತಾನೆಲ್ಲಿದ್ದೇನೆ ಎಂಬುದೊಂದು ಬಿಟ್ಟರೆ ನಮ್ಮ ತಾಲ್ಲೂಕಿನ ಒಂದು ರಸ್ತೆಯೂ ಗೊತ್ತಿರಲಿಲ್ಲ. ನಕ್ಷೆಯನ್ನು ನಾನೇ ಮಾಡಿ ತುಂಬಬೇಕಿತ್ತು. ಮೇವಿನ ಸರ್ವೆಗೆಂದು ತರಿಸಿದ್ದ ಉಪಗ್ರಹದ ಫೋಟೋ ಬೀರುವಿನಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಶ್ರೀರಂಗಪಟ್ಟಣದ ಡಿಟಿಪಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಕಂಪ್ಯೂಟರ್ ಪತ್ರಿಕೆಯ ಜೊತೆ ಸಿ.ಡಿ.ಯಲ್ಲಿ ಬಿಟ್ಟಿ ಸಿಕ್ಕಿದ್ದ ಸಾಫ್ಟ್‌ವೇರಿಗೆ ಹಾಕಿದೆ. ಗುರುತಿನ ಕೆಲವು ಜಾಗಗಳಲ್ಲಿ ಪೆಟ್ಟಿಗೆ ಹಿಡಿದು ನಿಂತು ಅಳತೆ ತೆಗೆದುಕೊಳ್ಳಬೇಕು. ಅದನ್ನು ಫೋಟೋದ ಅದೇ ಜಾಗಗಳಿಗೆ ಹೊಂದಿಸಬೇಕು. ಆಮೇಲೆ ಫೋಟೋದಲ್ಲಿ ಕಂಡ ರಸ್ತೆಗಳ ಮೇಲೆ ಮೌಸಿನಿಂದ ಗೆರೆ ಎಳೆದು, ಆ ಗೆರೆಗಳನ್ನು ತಂತಿಯ ಮೂಲಕ ಪೆಟ್ಟಿಗೆಗೆ ಇಳಿಸಬೇಕು. ಆಗಿನ ಕಾಲಕ್ಕೆ ಉಪಗ್ರಹದ ಯಜಮಾನರಾದ ಅಮೆರಿಕದವರು ಬೇಕೆಂದೇ ಲೆಕ್ಕದಲ್ಲಿ ಒಂದಿಷ್ಟು ತಪ್ಪು ಬೆರೆಸಿ ಕಳಿಸುತ್ತಿದ್ದರು. ಹಾಗಾಗಿ ಮನೆಯ ಅಂಗಳದಲ್ಲಿ ಕುರ್ಚಿಯ ಮೇಲೆ ಅಲ್ಲಾಡದೆ ಕೂತಿದ್ದರೂ ನಾನು ಬೀದಿ ಸುತ್ತುತ್ತಿದ್ದೇನೆ ಎಂದು ಪೆಟ್ಟಿಗೆ ತೋರಿಸುತ್ತಿತ್ತು. ನನ್ನ ಹೆಂಡತಿ ನಾಗಮಂಗಲದವಳು, ಮಾತು ಬಿಡುವವಳಲ್ಲ. "ನೀವು ಕುಂತಿದ್ರೂವೆ ಮನ್ಸು ಅಲೀತಾ ಇರ್ತದೆ ಅಂತ ಅದ್ಕೂ ಗೊತ್ತಾಗೋಯ್ತು ಬುಡಿ" ಎಂದಳು.

ಫೋಟೋದಲ್ಲಿ ನಮ್ಮ ಲಾರಿ ಹಾಯುವ ಶೀಳನೆರೆ ಊರಿನ ಆಚೆ ಬೆಳ್ಳಗೆ, ನೆಟ್ಟಗೆ, ಅಗಲವಾದ ಒಂದು ದಾರಿ ಕಾಣಿಸಿತು. ಅದರಲ್ಲಿ ಹೋದರೆ ಲಾರಿ ಸುತ್ತುಬಳಸುವುದೇ ತಪ್ಪುತ್ತದೆ. ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ಹಿಗ್ಗಿ ಮ್ಯಾನೇಜರಿಗೆ ತೋರಿಸಿದೆ. "ನಾಳೆಯೇ ನೋಡಿಬಿಡಿ. ಆದರೆ ಹಾಲು ಒಡೆದರೆ ನೀವುಂಟು, ಹಾಲು ಕೊಟ್ಟ ಊರಿನವರುಂಟು" ಎಂದರು. ಬಿಸಿಲು ಏರುವುದರೊಳಗೆ ಕ್ಯಾನುಗಳು ಕೇಂದ್ರ ಮುಟ್ಟದಿದ್ದರೆ ಹಾಲು ಹುಳಿ. ಹುಳಿಯಾದದ್ದು ವಾಪಸು. ಅಷ್ಟೂ ಊರಿನ ಹೆಂಗಸರು ಬೆಳಗಿನ ಜಾವ ಎದ್ದು ಕರೆದ ಹಾಲು ಚರಂಡಿಗೆ.

ಬೆಳಿಗ್ಗೆ ಹಾಲು ತುಂಬಿಕೊಂಡು, ಡ್ರೈವರ್ ನಿಂಗಣ್ಣನ ಪಕ್ಕ ಪೆಟ್ಟಿಗೆ ಹಿಡಿದು ಕೂತೆ. ಶೀಳನೆರೆ ದಾಟಿ ನಾನು ಹೇಳಿದಲ್ಲಿ ತಿರುಗಿಸಿದವನು ಸ್ವಲ್ಪ ದೂರ ಹೋಗಿ ಗಕ್ಕನೆ ಬ್ರೇಕು ಒತ್ತಿದ.

"ಸಾ, ನಿಮ್ ರೋಡು ಎಲ್ಲದೆ?"

"ಎದುರಿಗೇ ಇರಬೇಕಲ್ಲ ನಿಂಗಣ್ಣ."

"ಎದ್ರುಗೇ ಅದೆ. ಆದ್ರೆ ಅದ್ರೊಳಗೆ ನೀರು ಅರೀತಾ ಅದಲ್ಲಾ ಸಾ!"

ನಾಲೆ! ಫೋಟೋ ತೆಗೆದದ್ದು ನಾಲೆಗೆ ನೀರು ನಿಲ್ಲಿಸಿದ ಬೇಸಿಗೆಯಲ್ಲಿ. ಒಣಗಿದ ನಾಲೆ ಮೇಲಿನಿಂದ ಹೆದ್ದಾರಿಯ ಹಾಗೆ ಕಂಡಿದೆ. ನಾಲೆ ನೀರಲ್ಲೇ ಈಜು ಕಲಿತ ನಾನು ಅದರ ಮೇಲೆ ರಸ್ತೆಯ ಗೆರೆ ಎಳೆದಿದ್ದೇನೆ. ಪೆಟ್ಟಿಗೆಯ ಪ್ರಕಾರ ನಾವಾಗಲೇ ನಾಲೆಯ ನಟ್ಟನಡುವೆ ಇದ್ದೆವು. ನಾನು ಅರಿವಿಲ್ಲದೆ ಕಾಲು ಮೇಲೆತ್ತಿಕೊಂಡೆ. ನಿಂಗಣ್ಣ ಏನೋ ಗೊಣಗಿ, ತಿರುಗಿಸಲು ಜಾಗ ಸಿಕ್ಕೀತೆಂದು ಏರಿಯ ಮೇಲೆ ಲಾರಿ ಹತ್ತಿಸಿದ. ಏರಿ ಸರಿಯಾಗಿ ಲಾರಿಯಷ್ಟೇ ಅಗಲ. ಹೋದಷ್ಟೂ ಜಾಗ ಸಿಗಲಿಲ್ಲ. ಕೊನೆಗೆ ಹತ್ತಿಪ್ಪತ್ತು ಮನೆಗಳ ಒಂದು ಕೊಪ್ಪಲಿನ ಹತ್ತಿರ ಏರಿಯೇ ಮುಗಿದುಹೋಯಿತು. ಹಿಂದೆ ಕ್ಯಾನುಗಳು ಬಿಸಿಲಿಗೆ ಕಾಯುತ್ತಿದ್ದವು.

ಅಷ್ಟರಲ್ಲಿ ಕೂಗು ಕೇಳಿಸಿತು. "ಬಂದ್ಬುಡ್ತು ಕಣಕ್ಕೋ! ಆಲಿನ್ ಲಾರಿ ನಮ್ಮೂರ್ಗೂ ಬಂದ್ಬುಡ್ತು!" ಕೊಪ್ಪಲಿಗೆ ಕೊಪ್ಪಲೇ ಚೊಂಬು, ಬಿಂದಿಗೆ ಹಿಡಿದು ಓಡಿಬಂತು. ವರ್ಷಗಳಿಂದ ಲಾರಿ ಬೇಕೆಂದು ಅರ್ಜಿ ಕೊಟ್ಟು ಸುಸ್ತಾಗಿದ್ದವರು. ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಅಂತೂ ನಮ್ ಕೊಪ್ಲು ನಿಮ್ ಕಣ್ಗೆ ಬಿತ್ತಲ್ಲಾ ಸ್ವಾಮಿ. ದಿನಾ ಮೈಲಿಗಟ್ಲೆ ಒತ್ಕೊಂಡೋಗಿ ಸೊಂಟ ಬಿದ್ದೋಗಿತ್ತು" ಎಂದಳು. ದಾರಿ ತಪ್ಪಿ ಬಂದೆವು ಎನ್ನುವ ಬದಲು ನಾನು ಪೆಟ್ಟಿಗೆಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದೆ.

"ಬೇಗ ಹೊರಡಬೇಕಮ್ಮ, ಹಾಲು ಒಡೆಯುತ್ತೆ" ಎಂದು ಅಂಗಲಾಚಿದೆ.

"ಅದೆಂಗಾದದು? ಮೊದ್ಲ ಸರ್ತಿ ಬಂದ ಲಾರಿ. ಪೂಜೆ ಮಾಡ್ದೆ ಕಳ್ಸಕಾಯ್ತದಾ?"

ಅರಿಶಿನ ಬಂತು, ಕುಂಕುಮ ಬಂತು. ಚಕ್ರಕ್ಕೆ ನಿಂಬೆಹಣ್ಣು ಹುಡುಕಲು ಹೋದವಳು ಎಷ್ಟು ಹೊತ್ತಾದರೂ ಬರಲೇ ಇಲ್ಲ. ಅವರು ಆರತಿ ಎತ್ತುತ್ತಿದ್ದರೆ ನಾನು ಕ್ಯಾನುಗಳ ಮುಚ್ಚಳ ತೆಗೆದು ಮೂಸುತ್ತಿದ್ದೆ. ಖಾಲಿ ಕ್ಯಾನಿಗೆ ತಮ್ಮ ಹಾಲನ್ನೂ ಸುರಿದು ಅಜ್ಜಿ ಕೇಳಿದಳು: "ನಾಳಿಂದ ದಿನಾ ಬತ್ತೀರಿ ತಾನೆ?" ನನ್ನ ಅನುಮತಿಯಿಲ್ಲದೆ ನನ್ನ ಬಾಯಿ "ಬತ್ತೀವಿ" ಎಂದುಬಿಟ್ಟಿತು.

ಕೊಪ್ಪಲಿನಲ್ಲೂ ತಿರುಗಿಸಲು ಜಾಗವಿಲ್ಲದೆ ಅಷ್ಟು ದೂರವನ್ನೂ ರಿವರ್ಸಿನಲ್ಲೇ ವಾಪಸು ಬಂದೆವು. ಕೇಂದ್ರದಲ್ಲಿ ಪರೀಕ್ಷೆಯವರು ಒಂದೊಂದೇ ಕ್ಯಾನಿನ ಹಾಲನ್ನು ಗಾಜಿನ ಕೊಳವೆಯಲ್ಲಿ ಕಾಯಿಸಿ, ಒಡೆಯಿತೇ ಎಂದು ಎತ್ತಿ ಹಿಡಿದು ನೋಡುವಾಗ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಹಾಲು ಒಡೆಯಲಿಲ್ಲ. ಒಂದು ಕ್ಯಾನೂ ಒಡೆಯಲಿಲ್ಲ! ಅಳುವೇ ಬಂದುಬಿಟ್ಟಿತು. ಮ್ಯಾನೇಜರು ಹೊಸ ಊರಿನ ಹಾಲು ನೋಡಿ ಬೆನ್ನು ತಟ್ಟಿ, "ಈ ದಾರಿ ಕಂಡುಹಿಡಿದವರು ನೀವೇ. ಅಭ್ಯಾಸವಾಗುವವರೆಗೆ ನೀವೇ ದಿನಾ ಜೊತೆಗೆ ಹೋಗಿ" ಎಂದರು.

ಆ ಅಭ್ಯಾಸ ನನಗೆ ವರ್ಗವಾಗುವವರೆಗೂ ಮುಗಿಯಲಿಲ್ಲ. ಉಪಗ್ರಹ ನಂಬಿ ನಕ್ಷೆ ಮಾಡಿದ ನಾನು ದಿನಾ ಬೆಳಿಗ್ಗೆ ನಾಲೆಯ ಏರಿಯ ಮೇಲೆ ಲಾರಿಯ ಹಿಂದೆ ನಿಂತು, "ಬರ್ಲಿ, ಬರ್ಲಿ" ಎಂದು ಕೈ ಬೀಸುತ್ತಾ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದೆ. ನಿಂಗಣ್ಣ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದ: "ಸಾ, ಲಾರಿ ನಾನ್ ನೋಡ್ಕತೀನಿ, ನೀವು ವಸಿ ನೋಡ್ಕಂಡು ನಡೀರಿ, ನಾಲೇಗ್ ಬಿದ್ಬುಟ್ಟೀರಿ!"